ತೊಳೆದು ತಂದ ಅಂತರಗಂಗೆ

ನಲವತ್ತು ದಾಟಿದ ಮೇಲೆ ಪಿಎಚ್‌.ಡಿ. ಮಾಡಲು ಹೊರಟವಳನ್ನು ಜನ ಎರಡೇ ಪ್ರಶ್ನೆ ಕೇಳುತ್ತಾರೆ. ಯಾವಾಗ ಮುಗಿಯುತ್ತೆ? ಮುಗಿದ ಮೇಲೆ ಏನು ಸಿಗುತ್ತೆ? ಮೊದಲ ವರ್ಷ ನಗುತ್ತಾ ಉತ್ತರ ಹೇಳುತ್ತಿದ್ದೆ. ಎರಡನೆಯ ವರ್ಷ ಮಾತು ತೇಲಿಸುತ್ತಿದ್ದೆ. ಆರನೆಯ ವರ್ಷದ ಹೊತ್ತಿಗೆ ಹಲಸೂರಿನ ನಮ್ಮ ಬೀದಿಯಲ್ಲಿ ಪರಿಚಯದವರು ಎದುರಾದರೆ ತರಕಾರಿ ಗಾಡಿಯ ಕಡೆ ತಿರುಗಿ ಬೇಡದ ಸೊಪ್ಪಿಗೆ ಚೌಕಾಶಿ ಮಾಡುತ್ತಿದ್ದೆ.

ಕೆ.ಆರ್. ಪುರದ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದೇನೆ. ಬೆಳಿಗ್ಗೆ ಪಾಠ, ಮಧ್ಯಾಹ್ನ ಪ್ರಾಕ್ಟಿಕಲ್, ಸಂಜೆ ಉಳಿದ ಅಲ್ಪಸ್ವಲ್ಪ ಜೀವದಲ್ಲಿ ಸಂಶೋಧನೆ. ವಿಷಯವನ್ನು ನನ್ನ ಗೈಡ್ ಆರಿಸಿಕೊಟ್ಟಿದ್ದರು. ಕೆರೆಗಳನ್ನು ಮುಚ್ಚಿಹಾಕುತ್ತಿರುವ ಅಂತರಗಂಗೆಯನ್ನು ತಂದು, ಒಣಗಿಸಿ, ಪುಡಿ ಮಾಡಿ, ನೀರಿನ ಜೊತೆ ಉಕ್ಕಿನ ಡಬ್ಬಿಯಲ್ಲಿ ಬಿಗಿದು ಓವನ್ನಿನಲ್ಲಿ ಎಂಟು ಗಂಟೆ ಬೇಯಿಸಬೇಕು. ಆಗ ಎಲೆಯೊಳಗಿನ ಇಂಗಾಲ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕಿಗಳಾಗಿ ನೀರಿನಲ್ಲಿ ಉಳಿಯುತ್ತದೆ. ನೋಡಲು ಸಪ್ಪೆ ಡಿಕಾಕ್ಷನ್. ಅದರ ಮೇಲೆ ನೇರಳಾತೀತ ಟಾರ್ಚ್ ಹಿಡಿದರೆ ನೀಲಿಯಾಗಿ ಹೊಳೆಯುತ್ತದೆ. ಆ ಹೊಳಪಿಗೆ ಕಬ್ಬಿಣ ಬೆರೆತ ಕೊಳಕು ನೀರು ಹನಿಸಿದರೆ ಬೆಳಕು ಆರುತ್ತದೆ. ಎಂದರೆ ಕೆರೆಯ ಕಳೆಯಿಂದಲೇ ಕೆರೆಯ ಕೊಳೆಯನ್ನು ಹಿಡಿಯಬಹುದು. ಗೈಡ್ ಪ್ರತಿ ಸೆಮಿನಾರಿನ ಮೊದಲ ಸ್ಲೈಡಿನಲ್ಲಿ 'ಕಸದಿಂದ ರಸ' ಎಂದು ದಪ್ಪಕ್ಷರದಲ್ಲಿ ಹಾಕಿಸುತ್ತಿದ್ದರು. ಆ ಮಾತು ಕೇಳಿ ಕೇಳಿ ನನಗೆ ಹಣ್ಣಿನ ರಸ ಕುಡಿಯುವುದೂ ಬೇಡವಾಗಿತ್ತು.

ಕಳೆ ತಂದ ಮೊದಲ ದಿನದ್ದೇ ಒಂದು ಕಥೆ. ಕಗ್ಗದಾಸಪುರದಿಂದ ಆಚೆ ಒಂದು ಕೆರೆಯಲ್ಲಿ ಆಳುಗಳು ಅಂತರಗಂಗೆ ಕಿತ್ತು ದಡದಲ್ಲಿ ಗುಡ್ಡೆ ಹಾಕುತ್ತಿದ್ದರು. ಒಂದು ಮೂಲೆ ಖಾಲಿಯಾಗುವಷ್ಟರಲ್ಲಿ ಇನ್ನೊಂದು ಮೂಲೆ ತುಂಬಿರುತ್ತಿತ್ತು. ಗುಡ್ಡೆಯಿಂದ ಒಂದು ಚೀಲ ತುಂಬಿಕೊಂಡು ಬಸ್ಸು ಹತ್ತಿದೆ. ಎರಡು ಸ್ಟಾಪು ಹೋಗುವಷ್ಟರಲ್ಲಿ ಚೀಲದಿಂದ ಕಪ್ಪು ನೀರು ಇಳಿದು ಪಕ್ಕದವರ ಚಪ್ಪಲಿಯ ಕಡೆ ಹೊರಟಿತು. ಸೀಟಿನವರೆಲ್ಲ ಮೂಗು ಮುಚ್ಚಿಕೊಂಡರು. ಕಂಡಕ್ಟರ್ ಬಂದು, "ಏನ್ ಮೇಡಂ ಇದು, ಮೋರಿನೇ ಎತ್ಕೊಂಡ್ ಬಂದ್ಬಿಟ್ಟಿದ್ದೀರಾ? ಇಳೀರಿ, ಇಳೀರಿ," ಎಂದ. ಇಳಿದೆ. ಚೀಲವನ್ನು ಅಲ್ಲೇ ಕಸದ ರಾಶಿಗೆ ಎಸೆದು, ಅಳು ಬಂದಂತಾಗಿ, ಆಟೋ ಹಿಡಿದು ಮನೆಗೆ ಹೋದೆ.

ಮಾರನೆಯ ವಾರ ಕೆರೆಯ ಹತ್ತಿರ ಹೋದವಳು ದಡದ ಮೇಲೇ ನಿಂತೆ. ಆಳುಗಳಲ್ಲಿ ಒಬ್ಬ ಹೆಂಗಸು ಹತ್ತಿರ ಬಂದಳು. ಮೂವತ್ತೈದರ ಆಸುಪಾಸು, ಯಾದಗಿರಿ ಕಡೆಯವಳು. ಗಂಡ ಸೆಂಟ್ರಿಂಗ್ ಕೆಲಸ, ಈಕೆ ಕೆರೆ ಕೆಲಸ. ನಾನು ಪಾಠ ಹೇಳುವವಳು ಎಂದು ತಿಳಿದ ಕೂಡಲೇ ನನ್ನನ್ನು 'ಅಕ್ಕೋರ' ಎಂದಳು. ಅವರ ಕಡೆ ಮೇಷ್ಟರಮ್ಮನನ್ನು ಹಾಗೆ ಕರೆಯುತ್ತಾರಂತೆ. ವಾರಕ್ಕೊಂದು ಚೀಲ ಕೊಡಬಹುದೇ ಎಂದು ಕೇಳಿದೆ. "ಅದಕೇನ್ರಿ, ಕೊಡ್ತೀನ್ರಿ," ಎಂದಳು. ನಾನು ಹೊರಡುವ ಮುಂಚೆ ಇನ್ನೊಂದು ಮಾತು ಸೇರಿಸಿದೆ: "ಸ್ವಲ್ಪ ಚೆನ್ನಾಗಿ ತೊಳ್ದು ಕೊಡ್ತೀರಾ? ಬಸ್ಸಲ್ಲಿ ವಾಸ್ನೆ ಬರುತ್ತೆ."

ಇಷ್ಟೇ. ಒಂದು ಸಲ ಹೇಳಿದ್ದು. ಮತ್ತೆಂದೂ ಆ ಬಗ್ಗೆ ಮಾತೆತ್ತಲಿಲ್ಲ, ಎತ್ತಬೇಕಾಗಿಯೂ ಬರಲಿಲ್ಲ. ಆಮೇಲೆ ಮೂರು ವರ್ಷ ಆಕೆ ಪ್ರತಿ ಶನಿವಾರ ಬಸ್ ಸ್ಟಾಪಿಗೆ ತಂದು ಕೊಡುತ್ತಿದ್ದ ಅಂತರಗಂಗೆ ಮದುವೆ ಮನೆಯ ಸೊಪ್ಪಿನಷ್ಟು ಚೊಕ್ಕಟವಾಗಿರುತ್ತಿತ್ತು. ಹಳೆ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿರುತ್ತಿದ್ದಳು. ಬೇರಿನಲ್ಲಿ ಒಂದು ಎಳೆ ಕೆಸರಿಲ್ಲ. ನಾನು ಲ್ಯಾಬಿನಲ್ಲಿ ಬಟ್ಟಿ ಇಳಿಸಿದ ನೀರಿನಲ್ಲಿ ಒಮ್ಮೆ ಅದ್ದಿ ತೆಗೆದು ಒಣಗಲು ಹರವುತ್ತಿದ್ದೆ. ಕೆರೆಯ ಹತ್ತಿರ ಹೋಗುವುದನ್ನೇ ಬಿಟ್ಟೆ. ಮಂಡಿ ನೋವು, ಟ್ರಾಫಿಕ್ಕು, ಪರೀಕ್ಷೆ ಪೇಪರುಗಳ ಕಟ್ಟು. ಕಾರಣಗಳಿಗೆ ಬರವೇ?

ಮೊದಲ ಸಲ ಬೇಯಿಸಿದ ನೀರಿಗೆ ಟಾರ್ಚ್ ಹಿಡಿದಾಗ ನಾನೇ ಬೆಚ್ಚಿದೆ. ಅಷ್ಟು ನೀಲಿ. ನಮ್ಮ ಲ್ಯಾಬಿನ ಅಟೆಂಡರ್ ಶಿವಾಜಿನಗರದವರು, ನನಗಿಂತ ಹಿರಿಯರು, ಉಕ್ಕಿನ ಡಬ್ಬಿಯನ್ನು ಯಾವಾಗಲೂ ಕುಕ್ಕರ್ ಎಂದೇ ಕರೆಯುತ್ತಿದ್ದರು. "ಅರೆ, ಮೇಡಂ! ನಿಮ್ ಕುಕ್ಕರ್‌ನಲ್ಲಿ ಚಂದ್ರ ಬೆಂದ್ಬಿಟ್ಟಿದ್ದಾನೆ," ಎಂದರು. ಆ ಬಾಟಲಿಯ ಫೋಟೋವನ್ನು ಶನಿವಾರ ಆಕೆಗೆ ಮೊಬೈಲಿನಲ್ಲಿ ತೋರಿಸಿದೆ. ಆಕೆ ಪರದೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, "ನಮ್ಮ ಜೊಂಡಿಂದೇನ್ರಿ ಇದು?" ಎಂದಳು. ಅಂತರಗಂಗೆಗೆ ಆಕೆ ಜೊಂಡು ಎನ್ನುತ್ತಿದ್ದಳು. ಹೌದು ಎಂದೆ. ಅವರ ವಠಾರದವರಿಗೆಲ್ಲ ಹೇಳಿಕೊಂಡು ಬಂದಳಂತೆ. ಆ ದಿನ ನನಗೆ ನಿಜಕ್ಕೂ ಸಂತೋಷವಾಗಿತ್ತು. ಈ ಇಡೀ ಕಥೆಯಲ್ಲಿ ದಣಿವಿಲ್ಲದ ದಿನ ಅದೊಂದೇ ಇರಬೇಕು.

ಆಮೇಲೆ ಎರಡೂವರೆ ವರ್ಷ ಅದೇ ಬೆಳಕನ್ನು ಅಳೆದೆ. ಪೇಪರ್ ಬರೆದು ಒಂದು ಪತ್ರಿಕೆಗೆ ಕಳಿಸಿದೆ. ಒಂದು ಪೇಪರಾದರೂ ಒಪ್ಪಿಗೆಯಾಗದೆ ಪ್ರಬಂಧ ಸಲ್ಲಿಸುವ ಹಾಗಿರಲಿಲ್ಲ. ಕೊನೆಯ ಎಕ್ಸ್‌ಟೆನ್ಷನ್ ಮೇ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಸಲ್ಲಿಸದಿದ್ದರೆ ರಿಜಿಸ್ಟ್ರೇಷನ್ ರದ್ದು, ಆರು ವರ್ಷ ನೀರಿನಲ್ಲಿ ಹೋಮ. ಏಪ್ರಿಲ್ ಶುರುವಿನಲ್ಲೇ ಪತ್ರಿಕೆಯಿಂದ ಉತ್ತರ ಬಂತು. ಒಪ್ಪಿಗೆ, ಆದರೆ ಒಂದು ಷರತ್ತು: ಹೊಸದಾಗಿ ತಂದ ಗಿಡದಲ್ಲಿ ಇನ್ನೊಮ್ಮೆ ಮಾಡಿ ತೋರಿಸಿ. ಅಷ್ಟೇ ತಾನೇ ಎಂದುಕೊಂಡೆ.

ಆಕೆ ಆಗ ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದಳು. ನಾನು ಆಗಲೂ ಕೆರೆಗೆ ಹೋಗಲಿಲ್ಲ, ಅಟೆಂಡರನ್ನು ಕಳಿಸಿದೆ. ಅವರು ದಡದ ಗುಡ್ಡೆಯಿಂದ ತಂದದ್ದನ್ನು ನಾನೇ ಸಿಂಕಿನಲ್ಲಿ ನಿಂತು ತೊಳೆದೆ, ಒಣಗಿಸಿದೆ, ಬೇಯಿಸಿದೆ. ಟಾರ್ಚ್ ಹಿಡಿದರೆ ನೀಲಿ ಎಂಬುದು ಇದೆಯೋ ಇಲ್ಲವೋ ಎಂಬಷ್ಟು. ಮತ್ತೆ ಬೇಯಿಸಿದೆ. ಓವನ್ ಕೆಟ್ಟಿದೆಯೆಂದು ಇನ್ನೊಂದು ಕಾಲೇಜಿನ ಓವನ್ ಬೇಡಿದೆ. ಬಟ್ಟಿ ನೀರು ಬದಲಿಸಿದೆ. ಟಾರ್ಚಿನ ಬ್ಯಾಟರಿ ಬದಲಿಸಿದೆ. ಏಳು ಸಲ. ಏಳು ಸಲವೂ ಸಪ್ಪೆ ಡಿಕಾಕ್ಷನ್. ಕ್ಲಾಸಿನಲ್ಲಿ ಮಕ್ಕಳ ಮೇಲೆ ರೇಗಿದೆ, ಮನೆಯಲ್ಲಿ ರೇಗಿದೆ, ಒಂದು ದಿನ ಸ್ಟಾಫ್ ರೂಮಿನ ಫ್ಯಾನಿನ ಮೇಲೂ ರೇಗಿದೆ.

ಆಕೆ ಊರಿಂದ ಬಂದು ಮೊದಲ ಶನಿವಾರವೇ ಗಂಟು ಕೊಟ್ಟಳು. ಅದನ್ನು ಬೇಯಿಸಿದ ಕೂಡಲೇ ಬೆಳಕು ವಾಪಸ್ಸು ಬಂತು. ಅಟೆಂಡರ್ ತಲೆಯಾಡಿಸಿ, "ಆ ಅಮ್ಮಂದು ಕೈಗುಣ ಮೇಡಂ. ಕೆಲವ್ರು ನೆಟ್ರೆ ಕರಿಬೇವು ಬರುತ್ತೆ, ಕೆಲವ್ರು ನೆಟ್ರೆ ಬರಲ್ಲ," ಎಂದರು. ಕೈಗುಣ ಎಂದು ಪೇಪರಿನಲ್ಲಿ ಬರೆಯಲಾಗುವುದಿಲ್ಲವಲ್ಲ ಎಂದು ಸಿಡುಕಿದೆ. ಆದರೆ ಒಳಗೆ ನೆಮ್ಮದಿಯಾಗಿತ್ತು. ಬೆಳಕು ಬಂತು, ಕಳಿಸಿಬಿಡೋಣ, ಮಲಗೋಣ.

ಅಂದು ಶುಕ್ರವಾರ. ಅಟೆಂಡರ್ ನಮಾಜಿಗೆ ಹೋಗಿ ಬಂದವರು ಹಾಗೇ ಬಿಳಿ ಜುಬ್ಬದಲ್ಲಿ ನನ್ನ ಬಾಟಲಿ ಹಿಡಿದು ನಿಂತಿದ್ದರು. ಫೋಟೋ ತೆಗೆಯಲು ಲೈಟು ಆರಿಸಿ ಟಾರ್ಚ್ ಹಿಡಿದೆ. ಬಾಟಲಿ ಹೊಳೆಯಿತು. ಅದರ ಹಿಂದೆ ಅವರ ಜುಬ್ಬವೂ ಹೊಳೆಯಿತು. ಅದೇ ನೀಲಿ.

ಇದರಲ್ಲಿ ಗುಟ್ಟೇನಿಲ್ಲ. ಬಟ್ಟೆ ಒಗೆಯುವ ಪುಡಿಯಲ್ಲಿ ಬಿಳುಪು ಹೆಚ್ಚಿಸಲು ಒಂದು ರಾಸಾಯನಿಕ ಹಾಕಿರುತ್ತಾರೆ. ಅದು ಹತ್ತಿಯ ನಾರಿಗೆ ಅಂಟಿಕೊಂಡು ನೇರಳಾತೀತ ಬೆಳಕಿಗೆ ನೀಲಿಯಾಗಿ ಹೊಳೆಯುತ್ತದೆ. ನಾನೇ ಪ್ರತಿ ವರ್ಷ ಮಕ್ಕಳ ಬಿಳಿ ಯೂನಿಫಾರ್ಮಿನ ಮೇಲೆ ಟಾರ್ಚ್ ಬಿಟ್ಟು ತೋರಿಸಿ ನಗಿಸುತ್ತೇನೆ. ಆ ಕತ್ತಲೆ ಕೋಣೆಯಲ್ಲಿ ನಾನು ನಗಲಿಲ್ಲ. ಟಾರ್ಚನ್ನು ನಿಧಾನವಾಗಿ ಟೇಬಲ್ಲಿನ ಕಡೆ ತಿರುಗಿಸಿದೆ. ಅಲ್ಲಿ ಆಕೆ ಕೊಟ್ಟ ಗಂಟಿನಲ್ಲಿ ಉಳಿದಿದ್ದ ಎಲೆಗಳು ಪೇಪರಿನ ಮೇಲೆ ಒಣಗುತ್ತಿದ್ದವು. ಇನ್ನೂ ಬೇಯಿಸದ, ಪುಡಿ ಮಾಡದ ಎಲೆಗಳು. ಅವುಗಳ ಮೇಲೆಲ್ಲ ನೀಲಿ ಬರೆ. ಎಲೆಯೂ ನಾರೇ ಅಲ್ಲವೇ?

ಮೂರು ವರ್ಷದಲ್ಲಿ ಒಂದು ಸಲವೂ ನಾನು ಹಸಿ ಎಲೆಗೆ ಟಾರ್ಚ್ ಹಿಡಿದಿರಲಿಲ್ಲ. ಏನೂ ಮಾಡದ ವಸ್ತುವನ್ನು ಮೊದಲು ಪರೀಕ್ಷಿಸಬೇಕು, ಬ್ಲ್ಯಾಂಕ್ ಇಲ್ಲದ ಪ್ರಯೋಗ ಪ್ರಯೋಗವೇ ಅಲ್ಲ ಎಂದು ಮೊದಲ ವರ್ಷದ ಮಕ್ಕಳ ರೆಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು ಮಾರ್ಕು ಕತ್ತರಿಸುವವಳು ನಾನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಅಟೆಂಡರ್ ಲೈಟು ಹಾಕಿ, "ಏನಾಯ್ತು ಮೇಡಂ, ಕೂತ್ಕೊಳಿ," ಎಂದು ಸ್ಟೂಲು ತಂದಿಟ್ಟರು. ಕೂತೆ.

ಮರುದಿನ ಬೆನ್ಸನ್ ಟೌನಿನಲ್ಲಿರುವ ಗೈಡ್ ಮನೆಗೆ ಹೋದೆ. ನಿವೃತ್ತಿಯ ಅಂಚಿನಲ್ಲಿದ್ದ ಒಳ್ಳೆಯ ಮನುಷ್ಯ. ನಾನು ಅವರ ಕೊನೆಯ ವಿದ್ಯಾರ್ಥಿನಿ. ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡು, "ನೋಡಮ್ಮ, ಡೆಡ್‌ಲೈನ್‌ಗೆ ಐದು ವಾರ ಇದೆ. ಮತ್ತೆ ಮೊದ್ಲಿಂದ ಶುರು ಮಾಡೋಕಾಗಲ್ಲ," ಎಂದರು.

"ಆದ್ರೆ ಸರ್, ಬೆಳಕು ಗಿಡದ್ದಲ್ಲ. ಪುಡಿದು."

"ಅದನ್ನ ನೀನ್ಯಾಕೆ ಹೇಳ್ತೀಯ? ಆ ಹೆಂಗಸು ಯಾವ ಪುಡಿಯಲ್ಲಿ ತೊಳೀತಾಳೆ ಅಂತ ಕೇಳ್ಕೊಂಡ್ಬಾ. ಮೆಥಡ್‌ನಲ್ಲಿ 'ಡಿಟರ್ಜೆಂಟ್‌ನಿಂದ ತೊಳೆದ' ಅಂತ ಒಂದ್ ಲೈನ್ ಸೇರ್ಸು. ಸುಳ್ಳಲ್ವಲ್ಲ? ಯಾರಾದ್ರೂ ಕೇಳಿದ್ರೆ ಆಮೇಲ್ ನೋಡೋಣ."

ಸುಳ್ಳಲ್ಲ. ಅದೇ ಅದರ ಜಾಣತನ. ನಾನು ಆಗಲಿ ಸರ್ ಎಂದೆ. ಇಲ್ಲಿ ನನ್ನನ್ನು ದೊಡ್ಡವಳು ಮಾಡಿಕೊಳ್ಳುವ ಆಸೆಯಿಲ್ಲ. ನಾನು ಒಪ್ಪಿಕೊಂಡೆ. ಒಪ್ಪಿದ ಕೂಡಲೇ ಭುಜದಿಂದ ಮೂಟೆ ಇಳಿದಂತಾಗಿ, ದಾರಿಯಲ್ಲಿ ಕಾಫಿಯನ್ನೂ ಕುಡಿದೆ.

ಭಾನುವಾರ ಮಧ್ಯಾಹ್ನ ಆಕೆಯ ಮನೆ ಹುಡುಕಿಕೊಂಡು ಹೋದೆ. ಮೂರು ವರ್ಷದಲ್ಲಿ ಮೊದಲ ಸಲ. ಕಗ್ಗದಾಸಪುರದ ಒಂದು ಓಣಿಯ ಕೊನೆಯಲ್ಲಿ ಶೀಟಿನ ಎಂಟು ಬಾಡಿಗೆ ಕೋಣೆ, ಎಂಟಕ್ಕೂ ಸೇರಿ ಒಂದು ನಲ್ಲಿ. ಪ್ರತಿ ಬಾಗಿಲ ಮುಂದೆ ಒಂದೊಂದು ನೀಲಿ ಡ್ರಮ್ಮು, ಕೆಲವಕ್ಕೆ ಬೀಗ. ಆಕೆ ನನ್ನನ್ನು ನೋಡಿ ಗಡಬಡಿಸಿ ಚಾಪೆ ಹಾಸಿ, ಚೊಂಬಿನಲ್ಲಿ ನೀರು ಕೊಟ್ಟಳು.

"ನೀವು ಜೊಂಡು ಹೇಗೆ ತೊಳೀತೀರಾ? ಯಾವ್ ಪುಡಿ ಹಾಕ್ತೀರಾ? ಬರ್ಕೋಬೇಕಿತ್ತು," ಎಂದು ಪೆನ್ನು ತೆಗೆದೆ.

ಆಕೆಗೆ ಹಿಗ್ಗೋ ಹಿಗ್ಗು. ಯಾರಾದರೂ ಕೇಳಲಿ ಎಂದೇ ಕಾದಿದ್ದವಳಂತೆ ಬಾನಿ ತಂದಿಟ್ಟಳು, ಪುಡಿಯ ಪಾಕೀಟು ತೋರಿಸಿದಳು, ಹಳೆಯ ಹಲ್ಲುಜ್ಜುವ ಬ್ರಷ್ಷು ತೋರಿಸಿದಳು.

"ಅರಿವಿ ಒಗಿಯೂ ಪುಡಿನೇ ರೀ. ಮೊದಲ ಅದರಾಗ ನೆನಿ ಹಾಕ್ತೀನ್ರಿ. ಬೇರಿನಾಗ ಹುಳ ಇರ್ತಾವಲ್ರಿ, ಬ್ರಷ್ಷಿಲೆ ತಿಕ್ತೀನಿ. ಆಮ್ಯಾಲ ಮೂರ ಸಲ ಜಾಲಸ್ತೀನ್ರಿ. ಪುಡಿ ವಾಸನಿನೂ ಉಳೀಬಾರದ್ರಿ ನಿಮಗ."

"ಮೂರು ಸಲನಾ? ನೀರು ಎಷ್ಟಾಗುತ್ತೆ?"

"ನಾಕ ಕೊಡ ಹೊಕ್ಕಾವ್ರಿ."

ನಾನು ಬಾಗಿಲಾಚೆಯ ಡ್ರಮ್ಮು ನೋಡಿದೆ. "ಇಲ್ಲಿ ನೀರು ದಿನಾ ಬರುತ್ತಾ?"

"ಎಲ್ಲೀದ್ರಿ? ಎರಡ ದಿನಕ್ಕೊಮ್ಮಿ ಬಿಡ್ತಾರ. ಮನಿಗೆ ಎಂಟ ಕೊಡ."

ಎಂಟರಲ್ಲಿ ನಾಲ್ಕು. ಪೆನ್ನು ನಿಂತಿತು. ಹಿಂದೊಂದು ಬೇಸಿಗೆಯಲ್ಲಿ ಊರಿಗೆ ಊರೇ ಒಣಗಿ, ಬೋರ್‌ವೆಲ್ಲುಗಳು ಬತ್ತಿ, ಹಲಸೂರಿನ ನಮ್ಮ ಮನೆಗೂ ಟ್ಯಾಂಕರ್ ತರಿಸಿದ್ದೆವು. ಆ ಬೇಸಿಗೆಯಲ್ಲೇ ನಾನು ಕೆಲಸ ಬೇಗ ಮುಗಿಯಲೆಂದು ವಾರಕ್ಕೆ ಎರಡು ಗಂಟು ಕೇಳಿದ್ದೆ. ಆಕೆ ಎರಡೂ ಕೊಟ್ಟಿದ್ದಳು. ಅವೂ ಹೀಗೆಯೇ ಚೊಕ್ಕಟವಾಗಿದ್ದವು.

"ಆ ಬೇಸಿಗೆಲಿ ಏನ್ ಮಾಡಿದ್ರಿ?" ಎಂದೆ.

"ಆಗ ನಾವು ಮೈ ತೊಳಕೊಳ್ಳೂದ ಬಿಟ್ವಿರಿ," ಎಂದು ನಕ್ಕಳು. "ವಾರಕ್ಕೊಮ್ಮಿ ಜಳಕ. ನಮ್ಮನಿಯವ್ರು ಒದರ್ಯಾಡತಿದ್ರು, ಸಿಮಿಟಿನಾಗ ದುಡಿದ ಬಂದ್ರ ಕಾಲಿಗೂ ನೀರಿಲ್ಲಂತ. ನಾ ಅಂದ್ನಿ, ಅಕ್ಕೋರು ಓದಾಕ ಕೇಳ್ಯಾರ, ಹೊಲಸ ಹ್ಯಾಂಗ ಕೊಡೂದು?"

ನನಗೆ ಆ ಚಾಪೆಯ ಮೇಲೆ ಕೂರಲಾಗಲಿಲ್ಲ, ಏಳಲೂ ಆಗಲಿಲ್ಲ. ಕೈಯಲ್ಲಿದ್ದ ಚೊಂಬನ್ನು ಕೆಳಗಿಡಲೂ ಆಗಲಿಲ್ಲ, ಅದನ್ನು ಚೆಲ್ಲಿದರೂ ಪಾಪ, ಕುಡಿದರೂ ಪಾಪ. ನಾಚಿಕೆಯಾಯಿತು. ಕೆರೆಯ ಗಿಡ ಕೆರೆಯ ಹೊಲಸಿನೊಂದಿಗೇ ಬಂದಿದ್ದರೆ ನನ್ನ ಕೆಲಸಕ್ಕೆ ಏನೂ ಅಡ್ಡಿಯಿರಲಿಲ್ಲ. ತೊಳೆಯುವುದಕ್ಕೆ ಲ್ಯಾಬಿನಲ್ಲಿ ನಲ್ಲಿಯಿತ್ತು. ಬಸ್ಸಿನಲ್ಲಿ ನನ್ನ ಮರ್ಯಾದೆ ಉಳಿಯಲೆಂದು ಅವರು ಮೂರು ವರ್ಷ ನೀರು ಸುರಿದಿದ್ದರು. ಆ ತೊಳೆತವೇ ನನ್ನ ಪ್ರಯೋಗವನ್ನೂ ಕೆಡಿಸಿತ್ತು.

ಹೇಳಬಾರದು ಎಂದುಕೊಂಡೇ ಹೋಗಿದ್ದೆ. ಹೇಳಿಬಿಟ್ಟೆ. ಬೆಳಕು ಬಂದದ್ದು ಜೊಂಡಿನಿಂದಲ್ಲ, ಈ ಪುಡಿಯಿಂದ ಎಂದೆ.

ಆಕೆ ಪಾಕೀಟನ್ನು ನೋಡಿದಳು, ನನ್ನನ್ನು ನೋಡಿದಳು. ಮುಖದ ನಗೆ ಇಳಿಯಿತು. "ಹಂಗಾರ ನಾ ಕೆಡಿಸಿದ್ನೇನ್ರಿ ಅಕ್ಕೋರ?"

"ಇಲ್ಲ. ನೀವಲ್ಲ. ನಾನು ಒಂದ್ ದಿನನೂ ಕೇಳ್ಲಿಲ್ಲ."

"ಬ್ಯಾಡ್ರಿ, ಮನಸ್ಸಿಗೆ ಹಚ್ಕೋಬ್ಯಾಡ್ರಿ. ಮುಂದಿನ ವಾರ ತೊಳೀದನ ತರ್ತೀನ್ರಿ. ಹೊಲಸೇ ತರ್ತೀನಿ."

"ಬೇಡ. ಇನ್ಮೇಲೆ ನಾನೇ ಕೆರೆಗೆ ಬರ್ತೀನಿ."

ಆಕೆ ನನ್ನ ಸೀರೆಯನ್ನೂ ಚಪ್ಪಲಿಯನ್ನೂ ನೋಡಿದಳು. ಹೊರಡುವಾಗ ಮೂಲೆಯಿಂದ ಒಂದು ಗಂಟು ತಂದು ಕೈಗಿತ್ತಳು. ಹಿಂದಿನ ದಿನದ್ದು, ನಾನು ಸ್ಟಾಪಿಗೆ ಹೋಗದೆ ಹಾಗೇ ಉಳಿದದ್ದು. ತೆಗೆದುಕೊಂಡೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಒಂದು ಹನಿ ಸೋರಲಿಲ್ಲ, ಯಾರೂ ಮೂಗು ಮುಚ್ಚಲಿಲ್ಲ.

ಮನೆಗೆ ಬಂದು ಗೈಡ್‌ಗೆ ಫೋನ್ ಮಾಡಿ ಪೇಪರ್ ವಾಪಸ್ಸು ತೆಗೆದುಕೊಳ್ಳುತ್ತೇನೆ ಎಂದೆ. "ಮೇ ತಿಂಗಳು ಏನ್ ಮಾಡ್ತೀಯ?" ಎಂದರು. "ಮುಗೀತು ಸರ್," ಎಂದೆ. ಹೇಳಿದ ಮೇಲೆ ಎದೆ ಹಗುರವಾಗುತ್ತದೆ ಎಂದು ಜನ ಹೇಳುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಆರು ವರ್ಷ ಒಟ್ಟಿಗೇ ಬಂದು ಮೈಮೇಲೆ ಕೂತ ಹಾಗಾಯಿತು.

ಪೇಪರಿನಲ್ಲಿ ನಾನು ಹಿಂದೆ ಬರೆದಿದ್ದ ವಾಕ್ಯ ಇದು: ಗಿಡಗಳನ್ನು ಲೇಖಕಿ ಖುದ್ದಾಗಿ ಕೆರೆಯಿಂದ ಸಂಗ್ರಹಿಸಿ, ನೀರಿನಲ್ಲಿ ಚೆನ್ನಾಗಿ ತೊಳೆದಳು. ಹಿಂತೆಗೆದುಕೊಳ್ಳುವ ಅರ್ಜಿಯಲ್ಲಿ ಕಾರಣ ಬರೆಯಲು ಒಂದು ಸಣ್ಣ ಚೌಕವಿತ್ತು. ಪ್ರಯೋಗದಲ್ಲಿ ದೋಷ ಎಂದು ಬರೆದು ಅಳಿಸಿದೆ. ವಸ್ತುವಿನಲ್ಲಿ ಕಲಬೆರಕೆ ಎಂದು ಬರೆದು ಅಳಿಸಿದೆ. ಆ ಮಾತು ಆಕೆಯ ಕಡೆಗೆ ಬೆರಳು ತೋರಿಸುತ್ತಿತ್ತು. ಕೊನೆಗೆ ಇದ್ದದ್ದನ್ನೇ ಬರೆದೆ: ಗಿಡ ಕಿತ್ತವಳು, ತೊಳೆದವಳು ಲೇಖಕಿಯಲ್ಲ, ತೊಳೆದವಳು ತನ್ನ ಮನೆಯ ಕುಡಿಯುವ ನೀರಿನಲ್ಲಿ, ತನ್ನ ಮನೆಯ ಸೋಪಿನ ಪುಡಿ ಹಾಕಿ ತೊಳೆದಳು, ಹೇಗೆ ತೊಳೆಯುತ್ತೀರಿ ಎಂದು ಲೇಖಕಿ ಮೂರು ವರ್ಷ ಆಕೆಯನ್ನು ಕೇಳಲಿಲ್ಲ.